ರಾಜಲಕ್ಷ್ಮಮ್ಮನವರು ಕಣಕ್ಕೆ ಬರುತ್ತಿಲ್ಲ

ಕಾಫಿಯ ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಸಾಲಾಗಿ ಇಟ್ಟ ಲೋಟಗಳಿಂದ ಒಂದೊಂದು ಚಮಚ ತೆಗೆದು, ಅಕ್ಕಪಕ್ಕದವರಿಗೆ ಕೇಳುವಂತೆ ಸೊರ್ರೆಂದು ಹೀರಿ, ನಾಲಗೆಯ ಮೇಲೆ ಓಡಾಡಿಸಿ, ನುಂಗದೆ, ಪಕ್ಕದಲ್ಲಿಟ್ಟ ದೊಡ್ಡ ಮಗ್ಗಿಗೆ ಉಗಿಯಬೇಕು. ರಾಜಲಕ್ಷ್ಮಮ್ಮನವರು ಆ ಮಗ್ಗನ್ನೇ ಎತ್ತಿ ಕುಡಿದರು.

ತಪ್ಪು ಪೂರ್ತಿ ಅವರದಲ್ಲ. ಹೊಲಿಗೆಯ ಮೂಲೆಯಲ್ಲಿ ಕೂತಿದ್ದವರು ಬಾಯಾರಿ ಎದ್ದು ಬಂದಿದ್ದರು. ಮಗ್ಗು ನೋಡುವುದಕ್ಕೆ ಚೆನ್ನಾಗಿತ್ತು, ಮೇಲೊಂದು ಮೀನಿನ ಚಿತ್ರವಿತ್ತು. ಬರೆದವರು ಅದನ್ನು ಹಕ್ಕಿ ಎನ್ನುತ್ತಿದ್ದರು. ಎಲ್ಲರೂ ಬಿಸಿಬಿಸಿಯಾಗಿ ಉಗಿದಿದ್ದರಿಂದ ಅದರ ಮೇಲೆ ಉಗಿಯೂ ಆಡುತ್ತಿತ್ತು.

"ಅಯ್ಯೋ ಆಂಟಿ, ಅದಲ್ಲ! ಅದು ಎಲ್ಲರೂ ಉಗಿದಿರೋದು!" ಎಂದು ಮೇಜಿನ ಆ ತುದಿಯಿಂದ ಮಧುಶ್ರೀ ಕೂಗುವಷ್ಟರಲ್ಲಿ ಎರಡು ಗುಟುಕು ಒಳಗೆ ಹೋಗಿತ್ತು.

ರಾಜಲಕ್ಷ್ಮಮ್ಮ ಮಗ್ಗನ್ನು ನಿಧಾನವಾಗಿ ಕೆಳಗಿಟ್ಟರು. "ಅದಕ್ಕೇ, ಸಕ್ರೆ ಕಮ್ಮಿ ಐತಲ್ಲಾ ಅಂದ್ಕಂಡೆ," ಎಂದರು.

ಚಾವಣಿಯ ಹೆಂಚು ಹಾರುವ ಹಾಗೆ ಜನ ನಕ್ಕರು. ಆಕೆ ಹಿಂದಿನ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಬಂದು ತಮ್ಮ ಜಾಗದಲ್ಲಿ ಕೂತರು. ಪಕ್ಕದಲ್ಲಿದ್ದ ಜಗದಾಂಬ ಸಮಾಧಾನ ಹೇಳಿದರು: "ಬುಡು ರಾಜಿ, ಪರದೇಶದೋರೇನಲ್ಲ, ನಮ್ಮೋರೇ ಉಗ್ದಿರಾದು."

ಉಗಿದ ನಮ್ಮವರಲ್ಲಿ ರಾಜಲಕ್ಷ್ಮಮ್ಮನವರ ಯಜಮಾನರಾದ ರಾಮಯ್ಯನವರೂ ಒಬ್ಬರು. ಗಂಡ ಉಗಿದದ್ದನ್ನು ನುಂಗಿಕೊಂಡು ಸಂಸಾರ ಮಾಡಿದ ಹೆಂಗಸರು ಸಕಲೇಶಪುರ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಮಗ್ಗಿನಲ್ಲಿ ನುಂಗಿದವರು ಇವರೊಬ್ಬರೇ. ಅಲ್ಲಿಗೇ ಮುಗಿದಿದ್ದರೆ ಇದು ನಗುವ ಕತೆಯಾಗಿಯೇ ಉಳಿಯುತ್ತಿತ್ತು. ಆದರೆ ಆ ಮಧ್ಯಾಹ್ನ ರಾಮಯ್ಯನವರು ಇನ್ನೂ ಮೂರನೇ ಲೋಟಕ್ಕೆ ಬಂದಿರಲಿಲ್ಲ.

ಸಕಲೇಶಪುರದಿಂದ ಬೆಳಗೋಡಿನ ಕಡೆಗೆ ಹೊರಟರೆ ಊರು ಮುಗಿಯುವ ಅಂಚಿನಲ್ಲಿ ಒಂದು ಹಳೆಯ ಕಾಫಿ ಸ್ಟೋರ್ ಇದೆ. ಮೂಟೆಗಳೆಲ್ಲ ಖಾಲಿಯಾಗಿ ಹೆಗ್ಗಣಗಳು ಸಂಸಾರ ಹೂಡಿದ್ದ ಆ ಕಟ್ಟಡವನ್ನು, ಆಲೂರು ಕಡೆಯ ಪಾಳ್ಯದಿಂದ ಬಂದ ಡ್ರಾಯಿಂಗ್ ಟೀಚರ್ ಮಧುಶ್ರೀ ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಬಾಗಿಲ ಮೇಲೆ 'ಕಣ' ಎಂದು ಬರೆದಳು. ಕಾಫಿ ಒಣಗಿಸುವ ಅಂಗಳಕ್ಕೆ ಈ ಕಡೆ ಕಣ ಎನ್ನುತ್ತಾರೆ. ಪೇಪರ್ ಓದುವವರು ಮಾತ್ರ ಚುನಾವಣೆ ಬಂತೇನೋ ಎಂದು ಇಣುಕಿ ನೋಡಿದರು. ಇಣುಕಿದವರು ಕೂತರು. ಈ ಕಣಕ್ಕೆ ಇಳಿದವರು ಯಾರೂ ಠೇವಣಿ ಕಳೆದುಕೊಳ್ಳಲಿಲ್ಲ. ಚಪ್ಪಲಿ ಒಂದೆರಡು ಸಲ ಅದಲುಬದಲಾದದ್ದು ಬಿಟ್ಟರೆ.

ಒಳಗೆ ಹುಲ್ಲು ತುಂಬಿದ ಗೋಣಿಚೀಲಗಳೇ ಆಸನ. ಒಂದು ಕಡೆ ಕುಂಬಾರನ ಚಕ್ರ, ಒಂದು ಕಡೆ ಪುಸ್ತಕದ ಕಪಾಟು, ಸ್ವರ ಸತ್ತ ಒಂದು ಹಾರ್ಮೋನಿಯಂ, ಯಾವಾಗಲೂ ಏನಾದರೂ ಕುದಿಯುತ್ತಿರುವ ಒಂದು ಒಲೆ. ಪ್ರತಿ ಭಾನುವಾರ ಮಧ್ಯಾಹ್ನ ಬಂದವರು ತೋಚಿದ್ದು ಮಾಡಬಹುದು. ಚಿತ್ರ ಬರೆಯಬಹುದು, ಹಾಡಬಹುದು, ಹಾಡಿದವರನ್ನು ಸಹಿಸಬಹುದು. ತಿನ್ನುವುದಕ್ಕೆ ಮಾತ್ರ ಮನೆಯಿಂದ ಏನಾದರೂ ತರಬೇಕು.

ಅಲ್ಲಿಗೆ ರಾಜಲಕ್ಷ್ಮಮ್ಮನವರನ್ನು ಕರೆತಂದವರು ಜಗದಾಂಬ. ಇವರು ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎದುರಿಗಿರುವವರು ಯಾವ ವಯಸ್ಸಿನವರಾದರೂ ಮೂಗು ಒರೆಸಿಬಿಡುವ ಸ್ವಭಾವ. ಬಸ್‌ಸ್ಟಾಂಡಿನಲ್ಲಿ ಪರಿಚಯವಾಯಿತು, ಬಸ್ಸು ಬರುವುದರೊಳಗೆ ಸ್ನೇಹವಾಯಿತು. ಆ ಬಸ್ಸು ಅಷ್ಟು ತಡವಾಗಿ ಬರುತ್ತದೆ.

ರಾಜಲಕ್ಷ್ಮಮ್ಮ ಬೆಳಗೋಡಿನವರು. ಹುಟ್ಟಿದ್ದು ವನಗೂರಿನ ಏರಿನಲ್ಲಿ, ಏಲಕ್ಕಿ ಬಿಡಿಸುವ ಮನೆಯಲ್ಲಿ. ಎಸ್‌ಎಸ್‌ಎಲ್‌ಸಿ ಪಾಸಾದ ಸಂತೋಷ ತಣಿಯುವ ಮೊದಲೇ ರಾಮಯ್ಯನವರ ಕೈಹಿಡಿದು ಇಳಿಜಾರಿಗೆ ಬಂದರು. ಅಲ್ಲಿ ಒಂದಿಷ್ಟು ರೋಬಸ್ಟಾ ಕಾಫಿ, ಒಂದಿಷ್ಟು ಗದ್ದೆ, ಕೊಟ್ಟಿಗೆಯ ತುಂಬ ಕೆಲಸ. ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದಾರೆ, ಮಗ ಹಾಸನದಲ್ಲಿ ಪಿಕಪ್ ಗಾಡಿ ಇಟ್ಟುಕೊಂಡಿದ್ದಾನೆ. ಕಾಫಿ ಕೊಯ್ಯುವುದಕ್ಕೆ ಆಳು ಬರುತ್ತಾರೆ. ಕೊಯ್ದದ್ದನ್ನು ಕಣದಲ್ಲಿ ತೆಳ್ಳಗೆ ಹರಡಿ, ಗೋರುವ ಹಲಗೆಯಿಂದ ದಿನಕ್ಕೆ ಹತ್ತಾರು ಸಲ ತಿರುವಿಹಾಕಿ, ಸಂಜೆ ರಾಶಿ ಮಾಡಿ ಇಬ್ಬನಿ ಬೀಳದಂತೆ ಟಾರ್ಪಾಲು ಹೊದಿಸುವ ಕೆಲಸ ಮದುವೆಯಾದ ವರ್ಷದಿಂದ ಅವರದು. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಕಾಯಿ ಗಲಗಲ ಎನ್ನಬೇಕು. ಅಲ್ಲಿಯವರೆಗೆ ಬಿಸಿಲಿಗೂ ಬಿಡುವಿಲ್ಲ, ಅವರಿಗೂ ಇಲ್ಲ.

ಕಣದಲ್ಲಿ, ಅಂದರೆ ಮಧುಶ್ರೀಯ ಕಣದಲ್ಲಿ, ಅವರು ಆರಿಸಿಕೊಂಡದ್ದು ಕಂಬಕ್ಕೆ ಒರಗಿದ ಒಂದು ಗೋಣಿಚೀಲವನ್ನು ಮತ್ತು ಕೌದಿ ಹೊಲಿಯುವ ಕೆಲಸವನ್ನು. ಮಿಕ್ಕ ಹೆಂಗಸರು ಒಂದು ಸಾಲು ಮುಗಿಸುವಷ್ಟರಲ್ಲಿ ಅವರ ಸೂಜಿ ಗೇಣು ದೂರವಷ್ಟೇ ಹೋಗಿರುತ್ತಿತ್ತು. ಹೊರಗಿನಿಂದ ಯಾರಾದರೂ ಬಂದರೆ ಮಧುಶ್ರೀ ದನಿ ತಗ್ಗಿಸಿ ತೋರಿಸುತ್ತಿದ್ದಳು: "ನೋಡಿ, ಆಂಟಿ ಹೊಲಿಯೋದು ಒಂಥರಾ ಧ್ಯಾನ. ಯಾವ ಅವಸರವೂ ಇಲ್ಲ." ಬಂದವರು ಫೋಟೋ ತೆಗೆದುಕೊಳ್ಳುತ್ತಿದ್ದರು. ರಾಜಲಕ್ಷ್ಮಮ್ಮ ತಲೆ ಎತ್ತುತ್ತಿರಲಿಲ್ಲ. ಆದರೆ ಜಗದಾಂಬ ಏನಾದರೂ ಹೇಳಿದರೆ ಭುಜ ಕುಲುಕಿಸಿ ನಗುತ್ತಿದ್ದರು. ಅವರು ತರುವ ಹಲಸಿನ ಹಪ್ಪಳದ ಡಬ್ಬಿ ಆ ಮೂಲೆಯನ್ನು ದಾಟಿ ಗಂಡಸರ ಕಡೆ ಹೋದದ್ದೇ ಅಪರೂಪ. ಹೊಲಿಗೆ ಮೂಲೆ ಕಟ್ಟಿದ್ದು ಬಟ್ಟೆಯಿಂದಲ್ಲ, ಆ ಡಬ್ಬಿಯಿಂದ ಮತ್ತು ಆ ನಗುವಿನಿಂದ.

ರಾಮಯ್ಯನವರಿಗೆ ಇದೆಲ್ಲ 'ಹೆಂಗಸ್ರ ಹರಟೆ'. ತಾವು ಭಾನುವಾರ ಬೆಳಗೋಡಿನ ಸರ್ಕಲ್ಲಿನಲ್ಲಿ, ಪಕ್ಕದ ತೋಟದ ಶಾಂತಮಲ್ಲಪ್ಪನವರ ಜೊತೆ ಮೆಣಸಿನ ರೇಟಿನ ಮೇಲೆ ಸಂಜೆಯವರೆಗೂ ಮಾತಾಡುತ್ತಿದ್ದರು. ಅದು ಹರಟೆಯಲ್ಲ, ವ್ಯವಹಾರ. ಕಾಫಿ ರುಚಿ ನೋಡುವ ಕಾರ್ಯಕ್ರಮವಿದೆ, ಬೆಳೆಗಾರರು ತಮ್ಮ ತಮ್ಮ ಕಾಫಿ ತಂದುಕೊಡಬೇಕು ಎಂದು ಸುದ್ದಿ ಬಂದಾಗ ಮಾತ್ರ ಇಬ್ಬರೂ ಹೊರಟರು. ಮೂರು ತಲೆಮಾರಿನಿಂದ ಕಾಫಿ ಬೆಳೆದವರ ನಾಲಗೆಗೆ ಸಲ್ಲಬೇಕಾದ ಮರ್ಯಾದೆ ಕೊನೆಗೂ ಸಲ್ಲುತ್ತಿದೆ ಎಂದು ರಾಮಯ್ಯನವರ ಎಣಿಕೆ.

ಇಲ್ಲೊಂದು ಸಂಗತಿ ಹೇಳಬೇಕು. ಈ ಕಡೆಯ ಸಣ್ಣ ಬೆಳೆಗಾರರು ತಾವು ಬೆಳೆದ ಕಾಫಿ ಕುಡಿಯುವುದಿಲ್ಲ. ಒಣಗಿದ್ದನ್ನು ಮೂಟೆ ಕಟ್ಟಿ ವ್ಯಾಪಾರಿಗೆ ಹಾಕಿ, ಬರುವಾಗ ಪೇಟೆಯ ಅಂಗಡಿಯಿಂದ ಚಿಕೋರಿ ಬೆರೆಸಿದ ಪುಡಿ ಕಟ್ಟಿಸಿಕೊಂಡು ಬರುತ್ತಾರೆ. ಬೆಳೆಯುವುದು ಒಂದು, ಕುಡಿಯುವುದು ಇನ್ನೊಂದು. ರಾಮಯ್ಯನವರ ಮನೆತನ ಮೂರು ತಲೆಮಾರು ಕಾಫಿ ಬೆಳೆದಿತ್ತು. ಒಂದು ತಲೆಮಾರೂ ಅದರ ರುಚಿ ನೋಡಿರಲಿಲ್ಲ.

ಲೋಟಗಳ ಮೇಲೆ ಹೆಸರಿರಲಿಲ್ಲ. ಯಾರದೆಂದು ಬರೆದ ಚೀಟಿ ತಳಕ್ಕೆ ಅಂಟಿತ್ತು. ಮೊದಲನೆಯದನ್ನು ಹೀರಿ ರಾಮಯ್ಯನವರು "ಪರವಾಗಿಲ್ಲ" ಎಂದರು. ಎರಡನೆಯದಕ್ಕೆ "ತೋಟದಾಗೆ ನೆರಳು ಜಾಸ್ತಿ ಐತೆ" ಎಂದು ಕಣ್ಣುಮುಚ್ಚಿ ಹೇಳಿದಾಗ ಯುವಕರು ತಲೆದೂಗಿದರು. ಆಮೇಲೆ ಮೂರನೆಯದು. ಹೀರಿದವರೇ ಮುಖ ಕಿವುಚಿದರು. ಎದುರಿಗೆ ಶಾಂತಮಲ್ಲಪ್ಪ ಗಡ್ಡ ಕೆರೆಯುತ್ತ ನಿಂತಿದ್ದರು. ಇದು ಇವನದೇ ಸರಿ ಎಂದು ರಾಮಯ್ಯನವರಿಗೆ ಗಟ್ಟಿಯಾಯಿತು. ಗೆಳೆಯನ ಕಾಲೆಳೆಯುವುದಕ್ಕೆ ಇಂಥ ಸಭೆ ಮತ್ತೆ ಸಿಕ್ಕೀತೇ?

"ಇದು ಕಾಫಿ ಅಲ್ಲ ಕಣ್ರೀ," ಎಂದರು, ಎಲ್ಲರಿಗೂ ಕೇಳುವಂತೆ. "ಗೋಣಿಚೀಲ ಕುದ್ಸಿದ ನೀರು! ಬೂಷ್ಟು ವಾಸ್ನೆ ಹೊಡೀತೈತೆ. ಇದನ್ನ ಒಣಗ್ಸಿದೋರಿಗೆ ಕೈಯೂ ಇಲ್ಲ, ಕಣ್ಣೂ ಇಲ್ಲ. ಸೋಂಬೇರಿ ಮುಂಡೇವು ಮಧ್ಯಾಹ್ನವೇ ರಾಶಿ ಮಾಡ್ಬುಟ್ಟು ಟೀವಿ ಮುಂದೆ ಕುಂತವೆ!"

ಜನ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ಶಾಂತಮಲ್ಲಪ್ಪ ನಕ್ಕರು. ನಗುತ್ತಲೇ ಮಧುಶ್ರೀ ಲೋಟ ಎತ್ತಿ, ತಳದ ಚೀಟಿಯನ್ನು ಗಟ್ಟಿಯಾಗಿ ಓದಿದಳು. "ರಾಮಯ್ಯ, ಬೆಳಗೋಡು."

ಬೆಳೆದವರು ಯಾರೆಂದು ಚೀಟಿ ಹೇಳಿತು. ಒಣಗಿಸಿದವರು ಯಾರೆಂದು ಹೊಲಿಗೆ ಮೂಲೆಗೆ ಚೀಟಿ ಬೇಕಿರಲಿಲ್ಲ. ಅಲ್ಲಿದ್ದ ಹೆಂಗಸರು ಸೂಜಿ ನಿಲ್ಲಿಸಿ ತಮ್ಮ ತಮ್ಮ ಮಡಿಲು ನೋಡಿಕೊಂಡರು. ಹಾರ್ಮೋನಿಯಂ ಬಾರಿಸುತ್ತಿದ್ದವನು ಸತ್ತ ಸ್ವರದ ಮೇಲೆ ಬೆರಳಿಟ್ಟು ಹಾಗೇ ಕೂತ. ಇನ್ನೊಮ್ಮೆ ಮುಖ ಕಿವುಚಿ ತೋರಿಸಲೆಂದು ಮತ್ತೆ ಹೀರಿದ್ದ ಅರ್ಧ ಚಮಚ ಕಾಫಿ ರಾಮಯ್ಯನವರ ಬಾಯಲ್ಲೇ ಇತ್ತು. ಅದನ್ನು ಉಗಿಯುವುದೋ ನುಂಗುವುದೋ ತಿಳಿಯದೆ ಕೊನೆಗೆ ನುಂಗಿದರು.

ರಾಜಲಕ್ಷ್ಮಮ್ಮ ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿ, ಎದ್ದರು. "ಬಸ್ಸಿಗೆ ಹೊತ್ತಾಯ್ತು. ಬತ್ತೀನಿ ಜಗದಕ್ಕ."

ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ರಾಮಯ್ಯನವರು ಹಿಂದೆಯೇ ಹೋದರು. ಬಸ್ಸಿನಲ್ಲಿ ಆಕೆ ಮುಂದೆ, ಇವರು ಹಿಂದೆ. ಬೆಳಗೋಡು ಬರುವವರೆಗೂ ಹೆಂಡತಿಯ ತುರುಬನ್ನು ನೋಡುತ್ತ ಕೂತರು. ಮನೆಯಲ್ಲಿ ಊಟ ಬಡಿಸಿದಾಗ ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಸಿಟ್ಟು ಬಂದರೆ ಉಪ್ಪು ಮುಂದಾಗುತ್ತದೆ ಎಂಬ ಲೆಕ್ಕದಲ್ಲಿದ್ದವರಿಗೆ ಇದು ಇನ್ನೂ ಭಯ ಹುಟ್ಟಿಸಿತು. ಇಷ್ಟು ಸಿಟ್ಟನ್ನು ಅವರು ಈ ಸಂಸಾರದಲ್ಲಿ ಕಂಡಿರಲಿಲ್ಲ.

ಕಾನ್ವೆಂಟಿನಲ್ಲಿ ಓದಿದ ನಮ್ಮಂಥವರಿಗೆ ಈ ಕಷ್ಟವಿಲ್ಲ. ಟೈ ಕಟ್ಟುವುದರ ಜೊತೆಗೇ 'ಸಾರಿ' ಹೇಳುವುದನ್ನೂ ಅಲ್ಲಿ ಕಲಿಸಿಬಿಡುತ್ತಾರೆ. ಕಾಲು ತುಳಿಯುವ ಮೊದಲೇ ಹೇಳಿ ಆಮೇಲೆ ತುಳಿಯುವಷ್ಟು ಪಳಗಿರುತ್ತೇವೆ. ರಾಮಯ್ಯನವರ ಕಡೆ ಗಂಡಸು ಹೆಂಡತಿಗೆ ಹಾಗೆ ಹೇಳುವ ಮಾತೇ ಇಲ್ಲ. ಸಾರಿ ಹೇಳಲಾಗದ ಮನುಷ್ಯ ಮಾರನೆಯ ಬೆಳಿಗ್ಗೆ ಎದ್ದು, ಸೆಗಣಿ ಕಲಸಿ, ಕಣವನ್ನೆಲ್ಲ ಸಾರಿಸಿದ. ಒಣಗುವಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದು, ಕಾಫಿ ಹರಡಿ, ಗೋರುವ ಹಲಗೆ ಹಿಡಿದ. ರಾಜಲಕ್ಷ್ಮಮ್ಮ ಬಾಗಿಲಿಗೆ ಬಂದು ನೋಡಿದರು. "ಕೊಡಿ ಇತ್ಲಾಗೆ" ಎನ್ನುತ್ತಾರೆ ಎಂದು ಇವರು ಕಾದರು. ಅವರು ತಿರುಗಿ ಒಳಗೆ ಹೋದರು. ಸಿಟ್ಟು ಇಳಿದಿಲ್ಲ ಎಂದುಕೊಂಡು ರಾಮಯ್ಯನವರು ಸಂಜೆಯವರೆಗೂ ಗೋರಿದರು. ಮರುದಿನವೂ ಗೋರಿದರು. ದಾರಿಯಲ್ಲಿ ಹೋಗುವವರು "ಏನ್ ಗೌಡ್ರೇ, ಅಮ್ಮಾವ್ರಿಗೆ ಹುಷಾರಿಲ್ವಾ?" ಎಂದು ಕೇಳಿದರೆ ಕೇಳಿಸದವರಂತೆ ಬಗ್ಗಿಬಿಡುತ್ತಿದ್ದರು.

ಇತ್ತ ಮಧುಶ್ರೀಯ ಕಣದಲ್ಲಿ ಕಂಬದ ಬಳಿಯ ಗೋಣಿಚೀಲ ಖಾಲಿ. ಮೊದಲ ಭಾನುವಾರ ಎಲ್ಲರೂ ಬಾಗಿಲ ಕಡೆ ನೋಡುತ್ತ ಕೂತರು. ಮುಂದಿನ ಭಾನುವಾರ ಅಲ್ಲಿ ಯಾರೋ ಹೊಸಬರು ಕೂರಲು ಹೋದಾಗ ಜಗದಾಂಬ ತಮ್ಮ ಕೈಚೀಲ ಇಟ್ಟು "ಜನ ಅವ್ರೆ" ಎಂದರು. ಜನ ಬರಲಿಲ್ಲ. ಫೋನು ಮಾಡಿದರೆ "ಮನೆ ಕೆಲ್ಸ ಕಣಕ್ಕ, ನೋಡಣ" ಎಂದು ಎರಡು ಮಾತಿನಲ್ಲಿ ಇಟ್ಟುಬಿಡುತ್ತಿದ್ದರು. ಹಪ್ಪಳವಿಲ್ಲದ, ನಗುವಿಲ್ಲದ ಮೂಲೆಯಲ್ಲಿ ಉಳಿದದ್ದು ಹೊಲಿಗೆ ಮಾತ್ರ. ಬರೀ ಹೊಲಿಯುವುದಾದರೆ ಮನೆಯಲ್ಲೇ ಹೊಲಿಯಬಹುದಲ್ಲ ಎಂದು ಹೆಂಗಸರು ಒಬ್ಬೊಬ್ಬರೇ ತಪ್ಪಿಸತೊಡಗಿದರು.

ನಾಚಿಕೆ ಸಾಂಕ್ರಾಮಿಕ. ಮಧುಶ್ರೀಗೆ ತನ್ನದೇ ತಪ್ಪು ಎನ್ನಿಸಿತ್ತು. ಮಗ್ಗಿನಿಂದ ಕುಡಿದವರನ್ನು ನೋಡಿ ಅಷ್ಟು ನಗಬಾರದಿತ್ತು. ನಕ್ಕಿದ್ದು ಸಾಲದೆಂದು ಚೀಟಿಯನ್ನು ಗಟ್ಟಿಯಾಗಿ ಬೇರೆ ಓದಿದ್ದಳು. ಜಗದಾಂಬನವರಿಗೆ, ಗೆಳತಿ ಎದ್ದು ಹೋಗುವಾಗ ತಾನು ಸೂಜಿ ಹಿಡಿದು ಕೂತಿದ್ದೆನಲ್ಲ ಎಂಬ ನಾಚಿಕೆ. ಶಾಂತಮಲ್ಲಪ್ಪನವರಿಗೆ ಬೇರೆಯೇ ಸಂಕಟ. ಅವರ ಲೋಟ ನಾಲ್ಕನೆಯದು. ಅದನ್ನು ಸಭೆಯೆಲ್ಲ ಹೊಗಳಿತ್ತು. ಬೇರೆ ದಿನವಾಗಿದ್ದರೆ ಊರೂರು ಸಾರಿಕೊಂಡು ಬರುತ್ತಿದ್ದರು. ಈಗ ಗೆದ್ದದ್ದನ್ನು ಹೇಳಿಕೊಳ್ಳುವುದಕ್ಕೂ ನಾಚಿಕೆ.

"ಹಿಂಗೇ ಬುಟ್ರೆ ಅವ್ಳು ಬರಾಕಿಲ್ಲ," ಎಂದರು ಜಗದಾಂಬ, ಶಾಂತಮಲ್ಲಪ್ಪನವರ ಕಡೆ ತಿರುಗಿ. "ಬಾ ಅಂತ ಫೋನಾಗೆ ಕರುದ್ರೆ ಕರ್ದಂಗಾಯ್ತಾ? ಮನೆಗೋಗಿ ಕುಂಕುಮ ಕೊಟ್ಟು ಕರೀಬೇಕು. ಮಲ್ಲಣ್ಣ, ನಿನ್ ಜೀಪ್ ಐತಲ್ಲ?"

ಹಾಗೆ ಒಂದು ಭಾನುವಾರ ಮಧ್ಯಾಹ್ನ ಕಣವೇ ಜೀಪು ಹತ್ತಿ ಬೆಳಗೋಡಿಗೆ ಹೊರಟಿತು. ಮುಂದೆ ಶಾಂತಮಲ್ಲಪ್ಪ, ಹಿಂದೆ ಮಧುಶ್ರೀ, ಜಗದಾಂಬ ಮತ್ತು ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಕುಂಕುಮ. ಹೆಣ್ಣು ನೋಡಲು ಹೊರಟವರ ಹಾಗೆ ಕಾಣುತ್ತಿದ್ದರು. ಮುಖ ಮಾತ್ರ ಹೆಣ್ಣು ಬೇಡವೆಂದು ಹೇಳಲು ಹೊರಟವರ ಹಾಗಿತ್ತು.

ಮನೆಯ ಮುಂದೆ ಬಿಸಿಲು ಬಡಿಯುತ್ತಿತ್ತು. ತಲೆಗೆ ಟವೆಲು ಸುತ್ತಿ, ಪಂಚೆ ಎತ್ತಿ ಕಟ್ಟಿ, ರಾಮಯ್ಯನವರು ಕಾಫಿ ಗೋರುತ್ತಿದ್ದರು. ಜೀಪಿನ ಹಾರನ್ ಕೇಳಿದ್ದೇ ಹಲಗೆ ಬಿಸಾಡಿ ರಾಶಿಯ ಹಿಂದೆ ಬಗ್ಗಿದರು. ರಾಶಿ ಚಿಕ್ಕದು, ರಾಮಯ್ಯನವರು ದೊಡ್ಡವರು.

"ಏನ್ ರಾಮಣ್ಣ, ಕಣಕ್ಕಿಳ್ದುಬುಟ್ಟಿದೀಯ? ಯಾವ ಪಾರ್ಟಿ?" ಎಂದು ಶಾಂತಮಲ್ಲಪ್ಪ ಕೂಗಿದರು. ಕೂಗಿದ ಮೇಲೆ, ತಾವು ಬಂದದ್ದು ಕ್ಷಮೆ ಕೇಳುವುದಕ್ಕೆ ಎಂಬುದು ನೆನಪಾಗಿ ಕೆಮ್ಮಿದರು.

"ಸುಮ್ಕಿರೋ ಮಾರಾಯ," ಎಂದು ರಾಮಯ್ಯನವರು ಮೊಣಕಾಲು ಒರೆಸಿಕೊಳ್ಳುತ್ತ ಎದ್ದರು. "ಮೆತ್ಗೆ ಮಾತಾಡು. ಒಳಗವ್ಳೆ."

"ಮಾತಾಡ್ತಾಳಾ?" ಜಗದಾಂಬ ಕೇಳಿದರು.

"ಮಾತಾಡ್ತಾಳೆ. ಊಟಕ್ಕೆ ಬನ್ನಿ ಅಂತಾಳೆ, ಕಾಫಿ ತಗಳಿ ಅಂತಾಳೆ. ಆವತ್ತಿಂದು ಮಾತ್ರ ಒಂದಕ್ಷರ ಎತ್ತಿಲ್ಲ. ಮಧ್ಯಾಹ್ನ ಆದ್ರೆ ಬಾಗ್ಲಾಕ್ಕಂಬುಡ್ತಾಳೆ. ಒಳಗೆ ಏನ್ ಮಾಡ್ತಾಳೋ, ಎಷ್ಟು ಅಳ್ತಾಳೋ, ಕೇಳಕ್ಕೆ ನಂಗೆ ಮುಖ ಇಲ್ಲ."

ಬಾಗಿಲು ತಟ್ಟಿದರು. ತುಂಬ ಹೊತ್ತಿನ ಮೇಲೆ ಚಿಲಕದ ಸದ್ದಾಯಿತು. ರಾಜಲಕ್ಷ್ಮಮ್ಮನವರ ತುರುಬು ಬಿಚ್ಚಿಹೋಗಿತ್ತು, ಕಣ್ಣು ಊದಿಕೊಂಡು ಕೆಂಪಾಗಿತ್ತು. ಅದನ್ನು ನೋಡಿ ಜಗದಾಂಬನವರ ಕಣ್ಣು ತುಂಬಿತು. ಮಧುಶ್ರೀ ತಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಅಯ್ಯೋ, ಎಲ್ರೂ ಬಂದ್ಬುಟ್ಟಿದೀರಲ್ಲ! ಬನ್ನಿ ಬನ್ನಿ, ಕೂತ್ಕಳಿ," ಎಂದು ಆಕೆ ಚಾಪೆ ಹಾಸಿದರು. ಯಾರೂ ಕೂರಲಿಲ್ಲ.

"ಆಂಟಿ, ಆ ಮಗ್ ನಾನು ಅಲ್ಲಿ ಇಡಬಾರದಿತ್ತು," ಮಧುಶ್ರೀ ಶುರುಮಾಡಿದಳು. "ನಗಬಾರದಿತ್ತು. ಚೀಟಿ ಓದಬಾರದಿತ್ತು. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನಾನೂ ಆ ಕಡೆ ತಲೆ ಹಾಕ್ತಿರಲಿಲ್ಲ."

"ನಾನೂ ನಗಬಾರ್ದಿತ್ತು ತಂಗೀ," ಎಂದರು ಶಾಂತಮಲ್ಲಪ್ಪ, ಗೋಡೆಯ ಕ್ಯಾಲೆಂಡರಿಗೆ. ಹೆಂಗಸರ ಮುಖ ನೋಡಿ ತಪ್ಪೊಪ್ಪಿಕೊಂಡು ಅವರಿಗೆ ಅಭ್ಯಾಸವಿರಲಿಲ್ಲ.

ರಾಮಯ್ಯನವರು ಹೊಸ್ತಿಲ ಹೊರಗೇ ನಿಂತಿದ್ದರು. ಜಗದಾಂಬ ತಿರುಗಿ ಅವರನ್ನು ಅಂಗನವಾಡಿಯ ನೋಟದಿಂದ ನೋಡಿದರು. ಆ ನೋಟಕ್ಕೆ ಚಡ್ಡಿಯಲ್ಲಿದ್ದವರೂ ಹೆದರಿದ್ದಾರೆ, ಪಂಚೆಯಲ್ಲಿದ್ದವರೂ ಹೆದರುತ್ತಾರೆ. ರಾಮಯ್ಯನವರು ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಆವತ್ ನಾನ್ ಅಂದಿದ್ದು... ಅದು ಮಲ್ಲಣ್ಣನ ಕಾಫಿ ಅಂದ್ಕಂಡು ಅಂದಿದ್ದು."

"ನಂದಾಗಿದ್ರೆ ಅನ್ಬೋದಾ?" ಎಂದರು ಶಾಂತಮಲ್ಲಪ್ಪ.

"ನೀನ್ ಸುಮ್ಕಿರು ಮಾರಾಯ! ಹುಟ್ಟಿದ್ ಮ್ಯಾಲೆ ಒಂದ್ ಸಲ ತಪ್ಪಾಯ್ತು ಅನ್ನಕ್ಕೆ ಹೊಂಟಿವ್ನಿ." ಮತ್ತೆ ಹೆಂಡತಿಯ ಕಡೆ ತಿರುಗಿದರು. ದನಿ ಇಳಿದಿತ್ತು. "ಒಣಗ್ಸಿದೋರಿಗೆ ಕೈಯಿಲ್ಲ, ಕಣ್ಣಿಲ್ಲ ಅಂದ್ಬುಟ್ಟೆ. ಅಷ್ಟು ಜನದ ಮುಂದೆ ಸೋಂಬೇರಿ ಅಂದ್ಬುಟ್ಟೆ. ಗೋರಿ ನೋಡಿದ್ ಮ್ಯಾಲೆ ಗೊತ್ತಾಯ್ತು ಕಣೇ. ನಂಗೆ ಸೊಂಟ ಅನ್ನಾದೇ ಇಲ್ದಂಗಾಗೈತೆ. ತಪ್ಪಾಯ್ತು. ನನ್ ಮ್ಯಾಲಿನ ಸಿಟ್ಗೆ ನೀನು ಅವ್ರನ್ನೆಲ್ಲ ಬುಡಬ್ಯಾಡ."

ರಾಜಲಕ್ಷ್ಮಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರಿಗೇ ಏನೋ ನಾಚಿಕೆಯಾದಂತೆ ಸೆರಗು ಎಳೆದುಕೊಂಡರು. ಜಗದಾಂಬ ಹತ್ತಿರ ಹೋಗಿ ಹಣೆಗೆ ಕುಂಕುಮವಿಟ್ಟು, ಎರಡೂ ಕೈ ಹಿಡಿದುಕೊಂಡರು.

"ಎಲ್ರೂ ಒಪ್ಕಂಡಾಯ್ತು. ನಾನೂ ನಿನ್ ಹಿಂದೆ ಎದ್ದು ಬರ್ಲಿಲ್ಲ, ನಂದೂ ತಪ್ಪು. ಈಗ ನೀನ್ ಹೇಳು ರಾಜಿ. ಯಾರ ಮ್ಯಾಲೆ ಸಿಟ್ಟು? ಏನಕ್ಕೆ ಬತ್ತಾ ಇಲ್ಲ?"

"ಅಯ್ಯೋ, ಸಿಟ್ಟೇನಿಲ್ಲ ಕಣಕ್ಕ," ಎಂದರು ರಾಜಲಕ್ಷ್ಮಮ್ಮ, ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತ. "ನಾನಲ್ಲಿಗೆ ಬತ್ತಿದ್ದಿದ್ದೇ ಭಾನ್ವಾರ ಒಂದಿನ ಈ ಕಾಫಿ ಗೋರಾದು ತಪ್ಪುಸ್ಕಳಕ್ಕೆ. ಈಗ ಇವ್ರೇ ಗೋರ್ತಾವ್ರಲ್ಲ. ಉಂಡ್ಬುಟ್ಟು ಮನೇಲೇ ಮಲೀಕಂಬುಡ್ತೀನಿ."